ಇಂಗ್ಲಿಷಿನಲ್ಲಿ ಸಾಧುವಾದ ಡ್ರಾಯಿಂಗ್ ಮೇಷ್ಟ್ರು

ಕನ್ನಡದಲ್ಲಿ ನಾನು ಮಹಾ ಮುಂಗೋಪಿ; ಇಂಗ್ಲಿಷಿನಲ್ಲಿ ನನ್ನಷ್ಟು ಸಾಧು ಮನುಷ್ಯ ಇಡೀ ಮೈಸೂರಿನಲ್ಲಿ ಸಿಗಲಿಕ್ಕಿಲ್ಲ. ಇದಕ್ಕೆ ಸಂಸ್ಕಾರ ಕಾರಣವಲ್ಲ, ಪದಗಳ ಬಡತನ ಕಾರಣ. ಒಂದು ಭಾಷೆಯಲ್ಲಿ ಬೈಯುವಷ್ಟು ಪಳಗಬೇಕಾದರೆ ಮೊದಲು ಅದರಲ್ಲಿ ಚೆನ್ನಾಗಿ ಬೈಸಿಕೊಂಡಿರಬೇಕು. ನನ್ನನ್ನು ಇಂಗ್ಲಿಷಿನಲ್ಲಿ ಬೈದವರು ಯಾರೂ ಇಲ್ಲ.

ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದ ಮೇಲೆ ಅಶೋಕಪುರಂನ ಮನೆಯಲ್ಲಿ ಹೆಂಡತಿಯ ಅಡುಗೆಯನ್ನು ತಿದ್ದುತ್ತ ಕೂತಿದ್ದೆ. ಸಾರಿನ ಕೆಂಪು ಸ್ವಲ್ಪ ಗಾಢವಾಯಿತು ಎಂದ ದಿನ ಅವಳು, "ಎಲ್ಲಾದ್ರೂ ಹೋಗಿ ಮಕ್ಕಳಿಗೆ ಹೇಳ್ಕೊಡಿ, ನಂಗೆ ಬ್ಯಾಡ" ಎಂದಳು. ಮೇಟಗಳ್ಳಿ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಭಾನುವಾರದ ಚಿತ್ರಕಲಾ ತರಗತಿ ಸಿಕ್ಕಿತು. ಅಲ್ಲಿನ ಮಕ್ಕಳ ಮನೆಮಾತು ಒಂದೊಂದು ಬಗೆ. ಆದ್ದರಿಂದ ಪಾಠ ಇಂಗ್ಲಿಷಿನಲ್ಲೇ ಆಗಬೇಕೆಂದರು. ಅದಕ್ಕೇನಂತೆ ಎಂದು ಒಪ್ಪಿಕೊಂಡುಬಿಟ್ಟೆ. "ನಿಮ್ ಇಂಗ್ಲಿಷು ರೈಲ್ವೆ ಫಾರಂ ತುಂಬೋಕೇ ಸಾಲಲ್ಲ ಕಣ್ರೀ" ಎಂದು ಹೆಂಡತಿ ನಕ್ಕಳು.

ಶಾಲೆಯಲ್ಲಿ ನನ್ನದೊಂದು ಪದ್ಧತಿಯಿತ್ತು. ಕೆಟ್ಟ ಚಿತ್ರ ಕಂಡರೆ ಹಾಳೆಯನ್ನು ಎತ್ತಿ ಹಿಡಿದು, "ಇದು ಹಸುವೋ, ಮುರಿದ ಮಂಚವೋ, ಹೇಳ್ರೋ" ಎನ್ನುತ್ತಿದ್ದೆ. ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಅದನ್ನೇ ನಾನು ಬೋಧನೆ ಎಂದು ತಿಳಿದಿದ್ದೆ. ಮೇಟಗಳ್ಳಿಯಲ್ಲಿ ಮೊದಲ ದಿನವೇ ಒಬ್ಬಳು ಪುಟ್ಟ ಹುಡುಗಿ ಐದು ಕಾಲಿನ ನೀಲಿ ಹಸು ಬರೆದು ತಂದಳು. ಅಭ್ಯಾಸಬಲದಿಂದ ಹಾಳೆ ಎತ್ತಿದೆ. ಮುರಿದ ಮಂಚ ಗಂಟಲಲ್ಲೇ ಸಿಕ್ಕಿಕೊಂಡಿತು, ಇಂಗ್ಲಿಷಿಗೆ ಬರಲೇ ಇಲ್ಲ. ಬಂದದ್ದು "ವೆರಿ ನೈಸ್" ಒಂದೇ. ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಮುಂದಿನ ವಾರ ಮೂರು ಹಸು ತಂದಳು, ಎಲ್ಲಕ್ಕೂ ನಾಲ್ಕೇ ಕಾಲು. ನಾನೇನೂ ತಿದ್ದಿರಲಿಲ್ಲ.

ಎರಡು ತಿಂಗಳಾದ ಮೇಲೆ, ತಂದೆತಾಯಿಯರು ಹಿಂದೆ ಕೂತು ಪಾಠ ನೋಡುತ್ತಾರೆಂಬ ಸುದ್ದಿ ಬಂತು. ನನ್ನ ಇಂಗ್ಲಿಷ್ ಎರಡೂವರೆ ವಾಕ್ಯದ್ದೆಂದು ಗೊತ್ತಾದರೆ ತರಗತಿ ಹೋಯಿತು. ಅಷ್ಟು ಹೊತ್ತಿಗೆ ಆ ಮಕ್ಕಳನ್ನು ಬಿಟ್ಟಿರುವುದು ನನ್ನಿಂದಾಗದ ಮಾತಾಗಿತ್ತು. ಅವತ್ತು ಬೆವರು ಒರೆಸಿಕೊಳ್ಳುತ್ತ ಮೇಜಿನಿಂದ ಮೇಜಿಗೆ ಹೋಗಿ ಪ್ರಸಾದದ ಹಾಗೆ ವೆರಿ ನೈಸ್ ಹಂಚಿದೆ.

ಪಾಠ ಮುಗಿದ ಮೇಲೆ ಹಸುವಿನ ಹುಡುಗಿಯ ಅಪ್ಪ ಬಂದು ಕೈಮುಗಿದ. "ಗುರ್ತು ಸಿಗ್ಲಿಲ್ವಾ ಸಾರ್? ನಾನು ನಂಜುಂಡ, ನಿಮ್ ಸ್ಟೂಡೆಂಟು."

ನಾನು ದನಿ ತಗ್ಗಿಸಿ, "ನಂಜುಂಡ, ನನ್ ಇಂಗ್ಲಿಷಿನ ವಿಷ್ಯ ಯಾರಿಗೂ ಹೇಳ್ಬೇಡಪ್ಪ" ಎಂದೆ.

"ಅದು ಎಲ್ರಿಗೂ ಗೊತ್ತಾಗೋಗದೆ, ಬುಡಿ ಸಾರ್. ಮಕ್ಕಳು ನೀವೇ ಬೇಕು ಅಂತಾವೆ, ಅದ್ಕೇ ಸುಮ್ನಿದೀವಿ" ಎಂದು ನಕ್ಕ. ಆಮೇಲೆ ಮಗಳ ಹಾಳೆ ನೋಡುತ್ತ, "ನನ್ ಚಿತ್ರಾನೂ ಒಂದ್ಸಲ ಎತ್ತಿ ತೋರ್ಸಿದ್ರಿ ಸಾರ್. ಅವತ್ತೇ ಬರೆಯೋದು ಬಿಟ್ಬುಟ್ಟೆ. ನಮ್ಗೂ ಇಂಗ್ಲಿಷಲ್ಲೇ ಹೇಳ್ಕೊಟ್ಟಿದ್ರೆ ಚೆನ್ನಾಗಿರ್ತಿತ್ತು" ಎಂದ. ದನಿಯಲ್ಲಿ ದೂರೇನೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಹಾಳೆ, ಕ್ರೇಯಾನ್ ಕೊಟ್ಟು, "ಕೂತ್ಕೋ, ಬರಿ" ಎಂದೆ. ಮಕ್ಕಳ ಕುರ್ಚಿಯಲ್ಲಿ ಮಂಡಿ ಮಡಚಿ ಕೂತು, ಕಾಲು ಗಂಟೆ ತಿಣುಕಿ, ಒಂದು ನಾಯಿ ಬರೆದು ತಂದ. ಅದು ನಾಯಿ ಎಂಬುದಕ್ಕೆ ಅವನ ಮಾತೊಂದೇ ಆಧಾರ. ನನ್ನ ತುಟಿಯವರೆಗೆ ಐದಾರು ಸೊಗಸಾದ ಮಾತು ಬಂದವು. ಎಲ್ಲವನ್ನೂ ನುಂಗಿಕೊಂಡು, "ಚೆನ್ನಾಗಿದೆ ಕಣೋ" ಎಂದೆ.

ಆ ಮಾತನ್ನು ನಾನು ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು. ಉಚ್ಚಾರಣೆ ಸ್ವಲ್ಪ ತೊದಲಿತು.