ಮೊದಲಿನ ಪಾಠ ಏಳು

ಏಕನಾಥ: ಮೊದಲಿನ ವಾರ ಎಲುಬು. ಇನ್ನೂರಾ ಆರು ಎಲುಬಿನ ಹೆಸರು ಬಾಯಿಪಾಠ ಆಗಬೇಕು.

ಮಡಿವಾಳೆಪ್ಪ: ಹೆಸರು ತಗೊಂಡು ಏನ್ ಮಾಡ್ತೀರ್ರಿ? ಜಾರಿದ ಎಲುಬನ್ನ ಹೆಸರು ಹಿಡದು ಕರದ್ರ ಓ ಅಂತ ತನ್ನ ಜಾಗಾಕ್ಕ ಬರತೈತೇನ್ರಿ?

ಏಕನಾಥ: ನಿಮ್ಮಂಗ ಎಣ್ಣಿ ಹಚ್ಚಿ ಜಗ್ಗಿದ್ರ ಬರ್ತದ. ಕಿತ್ತು ಕೈಯಾಗ ಬರ್ತದ.

ಎಪ್ಪತ್ನಾಲ್ಕನೆಯ ಇಸವಿಯ ಬಿರುಬೇಸಿಗೆ. ನವಲಗುಂದದ ಸಣ್ಣದೊಂದು ದವಾಖಾನೆಯ ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಇದೇ ಜಟಾಪಟಿ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮೂರು ತಿಂಗಳಲ್ಲಿ ಫಿಜಿಯೋಥೆರಪಿಯ ಓನಾಮ ಕಲಿಸಬೇಕಿತ್ತು. ಏನು ಕಲಿಸಬೇಕೆಂಬ ಪಟ್ಟಿ ಸಂಜೆ ಐದರ ಬಸ್ಸಿಗೆ ಹುಬ್ಬಳ್ಳಿಯ ತರಬೇತಿ ಕಮಿಟಿಗೆ ಹೋಗಬೇಕಿತ್ತು. ಪುಣೆಯಲ್ಲಿ ಮೂರು ವರ್ಷ ಆ ವಿದ್ಯೆ ಕಲಿತು ಬಂದ ಏಕನಾಥನಿಗೆ ಪಟ್ಟಿಯೆಂದರೆ ಇಂಗ್ಲಿಷ್ ಪುಸ್ತಕದ ಪರಿವಿಡಿ. ಗರಡಿಯ ಉಸ್ತಾದ ಮಡಿವಾಳೆಪ್ಪನಿಗೆ ಪಟ್ಟಿಯೆಂದರೆ ಎಣ್ಣೆ, ಎಣ್ಣೆ, ಮತ್ತೂ ಎಣ್ಣೆ. ಕಮಿಟಿಯವರು ಈ ಉಸ್ತಾದನನ್ನು ಯಾಕೆ ತಂದು ತುರುಕಿದರೋ ಎಂದು ಏಕನಾಥ ಒಳಗೊಳಗೇ ಹಲ್ಲು ಕಡಿಯುತ್ತಿದ್ದ. ಆದರೆ ದುಂಡಗಿನ ಅಕ್ಷರ ಇದ್ದದ್ದು ಉಸ್ತಾದನದೇ, ಹಾಗಾಗಿ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು.

ಬಾಗಿಲ ಬಳಿಯ ಕುರ್ಚಿಯಲ್ಲಿ ಖಾದರಬಿ ಕೂತಿದ್ದಳು. ಜಮಖಾನೆ ನೇಯುವವಳು. ಬಿದ್ದು ಮೊಣಕಾಲು ಬಿಗಿದು ಎರಡು ತಿಂಗಳಾಗಿತ್ತು. ಏಕನಾಥ ದಿನಾ ಅವಳನ್ನು ಕುರ್ಚಿಯಲ್ಲಿ ಕೂಡಿಸಿ ಏಳಿಸಿ, ಗುಣವಾಗಿದೆ ಎಂದು ಕಾಗದದ ಮೇಲೆ ಬರೆದು ಮುಗಿಸಿದ್ದ.

ಖಾದರಬಿ: ಸಾಹೇಬ್ರ, ನನ್ನ ಕಾಲು ಯಾವ ಪಾಠದಾಗ ಬರತೈತ್ರಿ?

ಏಕನಾಥ: ನಿಂದು ಆರಾಮ ಆಗ್ಯದ. ಕುರ್ಚಿ ಮ್ಯಾಲೆ ಛಲೋ ಕೂಡ್ತಿ, ಛಲೋ ಏಳ್ತಿ.

ಖಾದರಬಿ: ಕುರ್ಚಿ ಇಲ್ಲಿ ಐತ್ರಿ, ನಮ್ಮನ್ಯಾಗಿಲ್ಲ. ಮಗ್ಗದ ಮುಂದ ನೆಲಕ್ಕ ಕೂಡಬೇಕು, ಒಲಿ ಮುಂದ ನೆಲಕ್ಕ ಕೂಡಬೇಕು. ಬಯಲಕಡಿ ಹೋಗುವಾಗ ಕುರ್ಚಿ ಹೊತ್ಕೊಂಡು ಹೋಗಲೇನ್ರಿ? ನನ್ನ ಜಾಗಾದಾಗ ಈಗ ಸೊಸಿ ಕುಂತು ನವಿಲು ನೇಯಾಕ ಹತ್ಯಾಳ. ಮೊನ್ನೆ ಕೊಳ್ಳಾಕ ಬಂದಾಂವ ಕೋಳಿ ಛಲೋ ಬಂದೈತಿ ಅಂದ.

ಉಸ್ತಾದ ನಗು ತಡೆಯಲಾರದೆ ಕೆಮ್ಮಿದ. ನೆಲದಿಂದ ಏಳುವುದು ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಿದ. ಏಕನಾಥ ಹಾಳೆ ಮೇಲೆ ಹಾಳೆ ತಿರುವಿದ. ಆ ಪುಸ್ತಕದ ಮಂದಿ ಹುಟ್ಟಿದಾರಭ್ಯ ಕುರ್ಚಿ ಬಿಟ್ಟು ಇಳಿದವರೇ ಅಲ್ಲ.

ಏಕನಾಥ: ಅದರಾಗ ಕಲಿಸೂದೇನದ? ನೋಡ್ರಿಲ್ಲೆ.

ಬೆಲ್‌ಬಾಟಮ್ ಪ್ಯಾಂಟು ಜಗ್ಗಿಕೊಂಡು ನೆಲಕ್ಕೆ ಹಾಸಿದ್ದ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕೂತದ್ದೇನೋ ಸರಿ. ಏಳಲು ಹೋದಾಗ ಸೊಂಟ ಗಕ್ಕನೆ ಹಿಡಿದುಕೊಂಡಿತು. ಉಸ್ತಾದ ಆಸೆಯಿಂದ ಎಣ್ಣೆಯ ಬಾಟಲಿಗೆ ಕೈ ಹಾಕಿದ. ಏಕನಾಥ ಬೇಡ ಬೇಡವೆಂದು ಎರಡೂ ಕೈ ಅಡ್ಡ ಹಿಡಿದ.

ಖಾದರಬಿ: ಬಾಜುಕ್ಕ ತಿರಗ್ರಿ. ಅಂಗೈ ಊರ್ರಿ. ಈಗ ಒಂದ ಕಾಲು ಮುಂದ ತರ್ರಿ. ಅವಸರ ಬ್ಯಾಡ್ರಿ. ಐದು ಹಡದಾಕಿ ನಾ, ತುಂಬ ಬಸರಿದ್ದಾಗೂ ಮಗ್ಗದ ಮುಂದಿಂದ ಹಿಂಗ ಎದ್ದೀನಿ.

ಅಂಬೆಗಾಲಿನಲ್ಲಿದ್ದ ಏಕನಾಥನಿಗೆ ಪುಣೆಯ ಮೂರೂ ವರ್ಷ ನೆನಪಾಗಿ ನಾಚಿಕೆಯಾಯಿತು. ಈ ಹೆಂಗಸನ್ನು ಎರಡು ತಿಂಗಳು ಕುರ್ಚಿಯಲ್ಲಿ ಕೂಡಿಸಿದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಏಕನಾಥ: ಉಸ್ತಾದ, ಎಲುಬು ಹೊಡದು ಹಾಕ್ರಿ. ಮೊದಲಿನ ಪಾಠ, ಏಳು.

ಮಡಿವಾಳೆಪ್ಪ: ಒಟ್ಟ ಆರ ಪಾಠ ಅದಾವ್ರಿ. ಮೊದಲಿಂದು ಏಳು ಹೆಂಗಾಗತೈತಿ?

ಏಕನಾಥ: ಅಂಕಿ ಅಲ್ರೀ. ಕೂಡು, ಏಳು.

ಮಡಿವಾಳೆಪ್ಪ: ಆರಕ್ಕ ಏಳು ಕೂಡಿದ್ರ ಹದಿಮೂರ್ರಿ. ಮೂರ ತಿಂಗಳದಾಗ ಮುಗ್ಯೂದಿಲ್ಲ.

ಏಕನಾಥ ಹೇಗೋ ಎದ್ದು ನಿಂತು, ಪೆನ್ನು ಕಸಿದುಕೊಂಡು, ‘ನೆಲಕ್ಕೆ ಕೂಡುವುದು, ನೆಲದಿಂದ ಏಳುವುದು’ ಎಂದು ತನ್ನ ಕಾಗೆಕಾಲಿನ ಅಕ್ಷರದಲ್ಲೇ ಬರೆದ. ಕಲಿಸುವವರ ಹೆಸರಿನ ಜಾಗದಲ್ಲಿ ಖಾದರಬಿ ಎಂದು ಬರೆದು, ಒಪ್ಪಿಗೆಯೇ ಎಂದು ಅವಳ ಮುಖ ನೋಡಿದ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು.

ಖಾದರಬಿ: ಏಳೂದು ನಾ ಕಲಸ್ತೀನ್ರಿ ಸಾಹೇಬ್ರ. ಮೊದ್ಲ ನನ್ನ ಕೆಳಗ ಕೂಡಸೂದು ನೀವು ಕಲೀರಿ.