ಸರಸ್ವತಿಯ ವಶದಲ್ಲಿ ಅರವತ್ತು ಪುಟ

ಮಗಳು ಅನಘಾ ತನ್ನ ಯೂನಿವರ್ಸಿಟಿ ಗೆಳತಿಯರ ಪುಸ್ತಕ ಕೂಟಕ್ಕೆ ನನ್ನನ್ನು ಕರೆದಾಗ, ನಾವು ನೆಲೆಸಿರುವ ಈ ಪರದೇಶದ ಊರು ಹ್ಯಾಮಿಲ್ಟನ್ನಿನಲ್ಲೆಲ್ಲ ನನ್ನಷ್ಟು ಹೆಮ್ಮೆಯ ತಾಯಿ ಇನ್ನೊಬ್ಬಳಿರಲಿಲ್ಲ. ಇಷ್ಟು ವರ್ಷ ಗೆಳತಿಯರಿಂದ ನನ್ನನ್ನು ಐವತ್ತು ಅಡಿ ದೂರವೇ ಇಟ್ಟಿದ್ದಳು. ಗೊತ್ತಿಲ್ಲದ ವಿಷಯದ ಬಗ್ಗೆಯೂ ಅಧಿಕಾರವಾಣಿಯಲ್ಲಿ ಮಾತಾಡುವುದು ನನ್ನ ಹುಟ್ಟುಗುಣವಂತೆ! ಅವಳ ಷರತ್ತು ಒಂದೇ: "ಅಮ್ಮಾ, ಪ್ಲೀಸ್, ಪೂರ್ತಿ ಓದ್ಕೊಂಡು ಬಾ."

ಓದದೇ ಬಿಡುತ್ತೇನೆಯೇ? ಕೂಟಕ್ಕೆ ಆರಿಸಿದ್ದ ಕಾದಂಬರಿ ಇಂಗ್ಲೆಂಡಿನ ಯೂನಿವರ್ಸಿಟಿಯೊಂದರ ಕಪ್ಪು ವಿದ್ಯಾರ್ಥಿಗಳ ಪ್ರೇಮಕಥೆ. ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ನಯೋಮಿ ಮತ್ತು ಕ್ವಾಮೆ ಎದುರಾಳಿಗಳು. ಹಗಲು ವೇದಿಕೆಯ ಮೇಲೆ ಒಬ್ಬರ ಮಾನವನ್ನು ಇನ್ನೊಬ್ಬರು ಹರಾಜು ಹಾಕುತ್ತಾರೆ, ಸಂಜೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ನಾನು ನಗುತ್ತ ಓದುವಷ್ಟರಲ್ಲಿ ಸಾರು ಎರಡು ಸಲ ಉಕ್ಕಿತು. ಇನ್ನು ಅರವತ್ತು ಪುಟ ಬಾಕಿ ಇರುವಾಗ ನವರಾತ್ರಿಯ ಸರಸ್ವತಿ ಪೂಜೆ ಬಂತು.

ಎಲ್ಲರೂ ಫೋನಿನಲ್ಲೇ ಓದುವ ನಮ್ಮ ಮನೆಯಲ್ಲಿ ದೇವಿಯ ಮುಂದಿಡಲು ಮೂರೇ ಪುಸ್ತಕ ಸಿಕ್ಕವು. ಅದರಲ್ಲೊಂದು ಕಾರಿನ ಮ್ಯಾನ್ಯುಯಲ್. ಬರುವ ಅತಿಥಿಗಳೆದುರು ಮರ್ಯಾದೆಯ ಪ್ರಶ್ನೆ! ಕಾದಂಬರಿಯನ್ನೂ ಇಟ್ಟೆ. ಮುಖಪುಟದಲ್ಲಿ ಮುತ್ತಿಡುತ್ತಿದ್ದ ಜೋಡಿಯನ್ನು ಬೋರಲು ಮಲಗಿಸಿ, ಮೇಲೆ ಅರಿಶಿನ ಕುಂಕುಮ ಏರಿಸಿದೆ.

ಆಮೇಲೆ ನೆನಪಾಯಿತು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಓದುವಂತಿಲ್ಲ. ಕೂಟ ಮಾರನೆಯ ಸಂಜೆಯೇ! ಮೆಲ್ಲಗೆ ಕೈ ಚಾಚಿದೆ. ಹಿಂದೆ ಗಂಡ ನಿಂತಿದ್ದರು. ಹೋದ ವರ್ಷ ಪೂಜೆಗಿಟ್ಟ ಅವರ ಲ್ಯಾಪ್‌ಟಾಪನ್ನು ನಾನು ಮೂರು ದಿನ ಮುಟ್ಟಗೊಟ್ಟಿರಲಿಲ್ಲ.

"ಮುಟ್ಟಬ್ಯಾಡ. ರೂಲ್ ನಿಂದೇ ಅದ," ಎಂದರು, ಬಹಳ ತೃಪ್ತಿಯಿಂದ.

ಮುಗಿಸಿಲ್ಲವೆಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಮುನ್ನೂರು ಪುಟ ಓದಿದವಳಿಗೆ ಕೊನೆಯನ್ನು ಊಹಿಸುವುದು ಯಾವ ಮಹಾ ಕೆಲಸ?

ಕೂಟದಲ್ಲಿ ಅಬೆನಾ ಎಂಬ ಘಾನಾ ಮೂಲದ ಹುಡುಗಿ, ಕೊನೆಯ ಅಧ್ಯಾಯ ಹೇಗನ್ನಿಸಿತು ಎಂದು ಮೊದಲು ನನ್ನನ್ನೇ ಕೇಳಿದಳು. ಗಂಟಲು ಸರಿಪಡಿಸಿಕೊಂಡೆ. ಕ್ವಾಮೆ ಪ್ರೀತಿಗಾಗಿ ಚುನಾವಣೆಯಿಂದ ಹಿಂದೆ ಸರಿದದ್ದು, ನಯೋಮಿಯ ಅಜ್ಜಿ ಕಣ್ಣೊರೆಸಿಕೊಂಡು ಇಬ್ಬರ ಕೈ ಕೂಡಿಸಿದ್ದು, ಅಲ್ಲಿ ಲೇಖಕಿ ತೋರಿದ ಸಂಯಮ, ಎಲ್ಲವನ್ನೂ ಹತ್ತು ನಿಮಿಷ ವಿಶ್ಲೇಷಿಸಿದೆ. ಮುಗಿಸಿದ್ದೇ ತಡ, ಕೋಣೆಯವರೆಲ್ಲ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು.

"ಆಂಟಿ, ಯೂ ಆರ್ ಜಸ್ಟ್ ಲೈಕ್ ಕ್ವಾಮೆ," ಎಂದಳು ಅಬೆನಾ.

ಕ್ವಾಮೆ ಚೆಲುವ, ಮಾತುಗಾರ. ನಾನು ನಾಚಿಕೊಂಡು ಧನ್ಯವಾದ ಹೇಳಿದೆ! ಅನಘಾ ಮಾತ್ರ ಕಾರ್ಪೆಟ್ಟನ್ನೇ ನೋಡುತ್ತಿದ್ದಳು.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಆರುವ ಮೊದಲೇ ಪುಸ್ತಕ ಎತ್ತಿಕೊಂಡೆ. ಉಳಿದ ಪುಟಗಳಲ್ಲಿ ಅಜ್ಜಿ ಬರಲೇ ಇಲ್ಲ. ಗೆದ್ದವಳು ನಯೋಮಿ. ಕ್ವಾಮೆ ಮರುಎಣಿಕೆ ಕೇಳಿ ಇನ್ನೂ ಐದು ಮತ ಕಳೆದುಕೊಳ್ಳುತ್ತಾನೆ. ಸಾಲದ್ದಕ್ಕೆ, ಅವಳು ಪ್ರೀತಿಯಿಂದ ಕೊಟ್ಟ ಪುಸ್ತಕವನ್ನು ಓದದೆಯೇ, ತುಂಬಿದ ಸಭೆಯಲ್ಲಿ ಅದರ ಬಗ್ಗೆ ಭಾಷಣ ಬಿಗಿದು ಸಿಕ್ಕಿಬೀಳುತ್ತಾನೆ!

ನಿಜಕ್ಕೂ ನಾಚಿಕೆಯಾಯಿತು. ಕುಂಕುಮ ಮೆತ್ತಿದ ಪುಸ್ತಕ ಹಿಡಿದೇ ಅನಘಾಳ ಬಳಿ ಹೋಗಿ ತಪ್ಪೊಪ್ಪಿಕೊಂಡೆ.

"ಐ ನೋ, ಅಮ್ಮಾ," ಎಂದಳು ಅಷ್ಟೇ.

ಕೊನೆಯ ಪುಟದಲ್ಲಿ ನಯೋಮಿ ಕ್ವಾಮೆಯನ್ನು ಕ್ಷಮಿಸುತ್ತಾಳೆ. ನನಗೆ ಮುಂದಿನ ತಿಂಗಳ ಕೂಟಕ್ಕೆ ಇನ್ನೂ ಕರೆ ಬಂದಿಲ್ಲ.