ಬೆಲ್ಲಕ್ಕೆ ನಾಲ್ಕು ಹೆಜ್ಜೆ ಇಟ್ಟ ದೊನ್ಯಾ ಪಲೋಮಾ ಅವರಿಗೆ

ಎಣ್ಣೆ ಬಾವಿಗಳ ಬಿಡಾರ, ಪಾನುಕೊ ನದಿ ದಂಡೆ
ಮಾರ್ಚ್ 1914

ಮಾನ್ಯರೇ,

ಎಣ್ಣೆ ಕಂಪನಿಯ ಲಾಯದ ಹಿರಿಯ ಹೇಸರಗತ್ತೆಯೂ, ಎಡತೊಡೆಯ ಮೇಲೆ ಕಂಪನಿಯ ಮುದ್ರೆ ಹೊತ್ತವರೂ ಆದ ತಮ್ಮ ನಾಲ್ಕೂ ಗೊರಸುಗಳಿಗೆ, ಬಿಡಾರದ ಅಡುಗೆಮನೆಯಲ್ಲಿ ಮೆಕ್ಕೆಜೋಳದ ರೊಟ್ಟಿ ತಟ್ಟುವ ಎಪಿಫಾನಿಯಾಳ ಸಾವಿರ ನಮಸ್ಕಾರಗಳು. ತಮಗೆ ಹೊತ್ತುಹೊತ್ತಿಗೆ ಮೇವು ಬರುತ್ತಿದೆಯೆಂದು ನಂಬಿದ್ದೇನೆ, ನಮಗೆ ಬರುತ್ತಿಲ್ಲ.

ಎಂಟು ವಾರದ ಹಿಂದೆ, ಹೊಳೆ ದಾಟುವಲ್ಲಿ, ಸರ್ಕಾರದ ಸಿಪಾಯಿಗಳು ತಮ್ಮನ್ನೂ, ತಮ್ಮ ಹಗ್ಗ ಹಿಡಿದಿದ್ದ ನನ್ನ ಗಂಡ ಹಸಿಂತೊ ಅವರನ್ನೂ ಒಟ್ಟಿಗೇ ಎಳೆದೊಯ್ದರು: ತಮ್ಮನ್ನು ತೋಪು ಎಳೆಯಲು, ಅವರನ್ನು ಬಲವಂತದ ಸಿಪಾಯಿಯಾಗಿ ತೋಪಿನ ಮುಂದೆ ನಿಲ್ಲಲು. ತಮ್ಮ ಸುದ್ದಿ ತಿಳಿದದ್ದೇ ತಡ, ಮ್ಯಾನೇಜರ್ ಸಾಹೇಬರು ತಂತಿ ಕೊಟ್ಟರು, ಅವರ ದೇಶದ ಯುದ್ಧನೌಕೆ ನದಿಯ ಬಾಯಲ್ಲಿ ನಿಂತು ತೋಪಿನ ಮೂತಿಯನ್ನು ಇತ್ತ ತಿರುಗಿಸಿತು, ಸಂಜೆಯೊಳಗೆ ತಾವು ಕ್ಷಮಾಪಣೆಯ ಚೀಟಿಯೊಂದಿಗೆ ಲಾಯಕ್ಕೆ ಮರಳಿದಿರಿ. ಹಗ್ಗ ಹಿಡಿದವರು ಎಲ್ಲಿ ಎಂದು ನಾನು ಕೇಳಿದ್ದಕ್ಕೆ ಸಾಹೇಬರು, "ಹೇಸರಗತ್ತೆ ಬಂತಲ್ಲಮ್ಮ, ಇನ್ನೇನ್ ಬೇಕು? ಅದು ಕಂಪನೀದು, ಅವನು ನಿಮ್ಮ ದೇಶದವನು. ನಿಮ್ಮ ಮನೆ ಜಗಳದಲ್ಲಿ ನಾವು ತಲೆ ಹಾಕಲ್ಲ" ಎಂದರು. ಅಬ್ಬಾ, ಎಂಥ ದೊಡ್ಡ ಮನಸ್ಸು! ಸರ್ಕಾರದವರ ಬಂದೂಕೂ ಬಂಡಾಯದವರ ಬಂದೂಕೂ ಅವರ ದೇಶದ್ದೇ. ತಲೆ ಮಾತ್ರ ಹಾಕುವುದಿಲ್ಲ.

ಆದರೆ ತಾವು ಮಹಾತಾಯಿ. ಹಸಿಂತೊ ಅವರ ಶಿಳ್ಳೆ ಕೇಳದೆ ಹೆಜ್ಜೆ ಎತ್ತೆನೆಂದು ಲಾಯದಲ್ಲೇ ಬೇರು ಬಿಟ್ಟಿರಿ. ತಾವು ನಿಂತಿರೆಂದು ಹಿಂದಿನ ಹನ್ನೊಂದು ಹೇಸರಗತ್ತೆಗಳೂ ನಿಂತವು, ಹೊಸ ಬಾಯ್ಲರು ಬಾವಿ ಸೇರದೆ ಕೆಸರಲ್ಲಿ ಕೂತಿತು, ಹೊಡೆಯಲು ಬಂದ ಇಂಜಿನಿಯರು ಒದೆ ತಿಂದು ಕುಂಟಿದರು. ನಮ್ಮ ಯಾವ ಸೇನಾಪತಿಯಿಂದಲೂ ಆಗದ್ದು ತಮ್ಮಿಂದ ಆಯಿತು: ಮೊನ್ನೆ ಸಾಹೇಬರು ಹಸಿಂತೊ ಅವರನ್ನು ಬಿಟ್ಟುಕೊಡಿರೆಂದು ಸೈನ್ಯಕ್ಕೆ ಪತ್ರ ಬರೆಯಲು ಕೂತು, ನನ್ನ ಗಂಡನನ್ನು 'ಕಂಪನಿಯ ಅತ್ಯಗತ್ಯ ಸಲಕರಣೆ, ಶಿಳ್ಳೆಸಹಿತ' ಎಂದು ಬರೆದರು. ಮನುಷ್ಯನೆಂದು ಬರೆಯದಿದ್ದರೇನು, ಹೆಸರು ಬಂತಲ್ಲ ಎಂದು ಅಲ್ಲೇ ಅತ್ತುಬಿಟ್ಟೆ.

ಇಷ್ಟೆಲ್ಲ ಮಾಡಿ, ನಿನ್ನೆ ತಾವು ಮಾಡಿದ್ದೇನು, ತಾಯಿ? ಇಂಜಿನಿಯರು ಒಂದಚ್ಚು ಬೆಲ್ಲ ತೋರಿಸಿದರು, ತಾವು ನಾಲ್ಕು ಹೆಜ್ಜೆ ಇಟ್ಟೇಬಿಟ್ಟಿರಿ. "ನಡೀತಲ್ಲ!" ಎಂದು ಸಾಹೇಬರು ಅರ್ಧ ಬರೆದ ಪತ್ರವನ್ನು ಖಾನೆಗೆ ತಳ್ಳಿ ಬೀಗ ಹಾಕಿದರು. ನನ್ನ ಗಂಡ ಈಗ ಆ ಖಾನೆಯಲ್ಲಿದ್ದಾರೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಬೆಲ್ಲ ತಿನ್ನಿ, ಹೆಜ್ಜೆ ಇಡಬೇಡಿ. ತಿಂದು ನಡೆದುಬಿಟ್ಟ ಮಂತ್ರಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ತಿಂದೂ ನಿಂತವರು ತಾವೊಬ್ಬರಾದರೂ ಇರಿ. ಸಾಧ್ಯವಾದರೆ ಆ ನಾಲ್ಕು ಹೆಜ್ಜೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅದೂ ಆಗದಿದ್ದರೆ ಹಸಿಂತೊ ತಮ್ಮ ಒಡಹುಟ್ಟಿದವರೆಂದು ಕಂಪನಿಗೆ ತಿಳಿಸಿ. ಮೊಂಡುತನದ ಹೋಲಿಕೆಗೆ ನಾನು ಸಾಕ್ಷಿ ಹೇಳುತ್ತೇನೆ.

ತಮ್ಮ ವಿಶ್ವಾಸಿ, ತಮ್ಮನ್ನೇ ನಂಬಿ ಗಂಡನ ದಾರಿ ಕಾಯುತ್ತಿರುವ,
ಎಪಿಫಾನಿಯಾ

ತಾ.ಕ.: ಇದನ್ನು ಲಾಯದ ಬಾಗಿಲಿಗೇ ಅಂಟಿಸಿದ್ದೇನೆ, ಒಂಬತ್ತು ವರ್ಷ ಇಲ್ಲಿದ್ದರೂ ಸಾಹೇಬರುಗಳಿಗೆ ನಮ್ಮ ಭಾಷೆ ಓದಲು ಬಾರದು. ಐದನೇ ಹೆಜ್ಜೆಗೆ ತಾವು ಮತ್ತೆ ನಿಂತಿರೋ ಏನೋ, ಇವತ್ತು ಬೆಳಿಗ್ಗೆ ಇಂಜಿನಿಯರು ಅಡುಗೆಮನೆಗೆ ಬಂದು, "ಗಂಡನ ಶಿಳ್ಳೆ ನಿಂಗೆ ಬರುತ್ತಾ? ಬಂದ್ರೆ ಅವನ ಕೆಲಸ ನಿಂದೇ" ಎಂದರು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಬಾರದಿರುತ್ತದೆಯೇ? ಬರುವುದಿಲ್ಲ ಎಂದೆ.